ಓದುಗರು ಕೇಳಿದ್ದು: ಲಿಟಲ್ ರಿಚರ್ಡ್ ಅವರ ಕೂಗು ಎಲ್ಲಿಂದ ಬಂತು?

ಕಳೆದ ಸಂಚಿಕೆಯಲ್ಲಿ ಕಲಬುರಗಿಯ ಓದುಗರೊಬ್ಬರು ರಾಕ್ ಅಂಡ್ ರೋಲ್ ಸಂಗೀತವನ್ನು ಕಟ್ಟಿದ ಮೊದಲಿಗರು ಯಾರೆಂದು ಕೇಳಿದ್ದರು. ಅದಕ್ಕೆ ಬರೆದ ಉತ್ತರದಲ್ಲಿ ಅಮೆರಿಕದ ಗಾಯಕ ಲಿಟಲ್ ರಿಚರ್ಡ್ ಅವರಿಗೆ ಸಿಕ್ಕಿದ್ದು ಎರಡೇ ಸಾಲು. ಕಣ್ಣಿಗೆ ಕಾಡಿಗೆ, ತಲೆಯ ಮೇಲೆ ಗೋಪುರದಂತೆ ಎತ್ತಿ ಬಾಚಿದ ಕೂದಲು, ಕುರ್ಚಿ ಬಿಟ್ಟೆದ್ದು ನಿಂತೇ ಪಿಯಾನೊ ನುಡಿಸುವ ಅಬ್ಬರ ಎಂದಷ್ಟೇ ಬರೆದು ಮುಂದೆ ಹೋಗಿದ್ದೆ. ಆಮೇಲೆ ಬಂದ ಪತ್ರಗಳನ್ನು ಓದುವಾಗ, ವೇಷವನ್ನು ವರ್ಣಿಸಿ ವಿದ್ಯೆಯನ್ನು ಬಿಟ್ಟ ತಪ್ಪು ನನ್ನಿಂದ ಆಗಿದೆ ಎಂದು ಮನಸ್ಸಿಗೆ ಬಂತು. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗಾಗಿಯೇ ಈ ತಿಂಗಳ ಅಂಕಣವನ್ನು ಪೂರ್ತಿ ಮೀಸಲಿಟ್ಟಿದ್ದೇನೆ.

ನಮ್ಮ ಕಾಲೇಜಿನ ದಿನಗಳಲ್ಲಿ ರಾಕ್ ಅಂಡ್ ರೋಲ್ ಎಂದರೆ ಎಲ್ವಿಸ್ ಪ್ರೆಸ್ಲಿ ಎಂದೇ ತಿಳಿದಿದ್ದೆವು. ಈ ಲಿಟಲ್ ರಿಚರ್ಡ್ ಯಾರು, ಎಲ್ಲಿಯವರು?
ನಿವೃತ್ತ ಶಿಕ್ಷಕರು, ಆಳಂದ

ಅವರ ಪೂರ್ಣ ಹೆಸರು ರಿಚರ್ಡ್ ವೇನ್ ಪೆನ್ನಿಮನ್. 1932ರ ಡಿಸೆಂಬರ್ 5ರಂದು ಅಮೆರಿಕದ ದಕ್ಷಿಣದಲ್ಲಿರುವ ಜಾರ್ಜಿಯಾ ರಾಜ್ಯದ ಮೇಕನ್ ಎಂಬ ಊರಿನಲ್ಲಿ, ಹನ್ನೆರಡು ಮಕ್ಕಳಿದ್ದ ಕಪ್ಪು ಜನರ ಕುಟುಂಬವೊಂದರಲ್ಲಿ ಮೂರನೆಯವರಾಗಿ ಹುಟ್ಟಿದರು. ತಂದೆ ಚರ್ಚಿನ ಸೇವೆಯಲ್ಲಿದ್ದವರು. ಅದರ ಜೊತೆಗೆ ಕಳ್ಳಭಟ್ಟಿಯ ವ್ಯಾಪಾರವನ್ನೂ, ಕುಡಿತ ಮತ್ತು ಕುಣಿತದ ಒಂದು ಕ್ಲಬ್ಬನ್ನೂ ನಡೆಸುತ್ತಿದ್ದರು. ಶನಿವಾರ ರಾತ್ರಿಯ ಗದ್ದಲವೂ ಭಾನುವಾರ ಬೆಳಗಿನ ಪ್ರಾರ್ಥನೆಯೂ ಒಂದೇ ಮನೆಯ ಅನ್ನಕ್ಕೆ ಸೇರಿದ್ದವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮಗನ ಬಾಳು ಕಡೆಯವರೆಗೂ ಈ ಎರಡರ ನಡುವೆಯೇ ನಡೆದಾಡಿತು.

ಹುಟ್ಟಿನಿಂದಲೇ ಅವರ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. ಆ ಕಾರಣಕ್ಕೆ ಅವರ ನಡಿಗೆ ಬೇರೆಯಾಗಿ ಕಾಣುತ್ತಿತ್ತು, ಓರಗೆಯ ಹುಡುಗರು ಅದನ್ನೇ ಹಿಡಿದು ಹಂಗಿಸುತ್ತಿದ್ದರು. ಚರ್ಚಿನಲ್ಲಿ ಹಾಡಲು ನಿಂತರೆ ದನಿಯನ್ನು ಎಷ್ಟು ಎತ್ತರಕ್ಕೆ ಒಯ್ಯುತ್ತಿದ್ದರೆಂದರೆ ಹಿರಿಯರು ಹಾಡು ನಿಲ್ಲಿಸೆಂದು ತಡೆದದ್ದುಂಟು. ಯುದ್ಧದ ಗಿಡುಗ ಎಂಬ ಅರ್ಥದ 'ವಾರ್ ಹಾಕ್' ಎಂಬ ಅಡ್ಡಹೆಸರು ಅವರಿಗೆ ಬಂದದ್ದು ಹೀಗೆ.

1947ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವರು ಮೇಕನ್‌ನ ಸಭಾಂಗಣದಲ್ಲಿ ತಂಪು ಪಾನೀಯ ಮಾರುತ್ತಿದ್ದರು. ಅಲ್ಲಿಗೆ ಹಾಡಲು ಬಂದವರು ಸಿಸ್ಟರ್ ರೊಸೆಟಾ ಥಾರ್ಪ್. ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡುಗಳನ್ನು ಹಾಡಿದ ಆ ಮಹಾಗಾಯಕಿಯ ಹಾಡನ್ನೇ ಅವರ ಕಿವಿಗೆ ಬೀಳುವಂತೆ ಹುಡುಗ ಹಾಡಿದ. ಥಾರ್ಪ್ ಅವನನ್ನು ವೇದಿಕೆಗೆ ಕರೆದು ಹಾಡಿಸಿದ್ದಲ್ಲದೆ ಕೈಗೆ ಹಣವನ್ನೂ ಕೊಟ್ಟರು. ಹಾಡಿಗೆ ಹಣ ಸಿಕ್ಕಿದ್ದು ಅವನಿಗೆ ಅದೇ ಮೊದಲು.

ಅಲ್ಲಿಂದ ಮುಂದೆ ಊರೂರು ತಿರುಗುವ ಔಷಧಿ ಮಾರಾಟದ ತಂಡಗಳು. ನಮ್ಮ ಶರಣಬಸವೇಶ್ವರ ಜಾತ್ರೆಯಲ್ಲಿ ಗಿಡಮೂಲಿಕೆ ಮಾರುವವರು ಮೊದಲು ಮಾತಿನಿಂದ ಜನರನ್ನು ಸೇರಿಸಿ, ಆಮೇಲೆ ಸೀಸೆ ತೆಗೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ತಂಡವೊಂದರಲ್ಲಿ ಜನ ಸೇರಿಸುವ ಹಾಡು ರಿಚರ್ಡ್ ಅವರದಾಗಿತ್ತು. ಅಟ್ಲಾಂಟಾದ ಗಾಯಕ ಬಿಲ್ಲಿ ರೈಟ್ ಅವರಿಂದ ಕೇಶಶೃಂಗಾರ ಮತ್ತು ಮುಖಾಲಂಕಾರದ ಮಾದರಿಯನ್ನೂ, ಎಸ್ಕೆರಿಟಾ ಎಂಬ ಕಲಾವಿದರಿಂದ ಪಿಯಾನೊ ಬಡಿಯುವ ಕೈಯನ್ನೂ ಪಡೆದರು. 1951ರಲ್ಲಿ ಆರ್‌ಸಿಎ ಕಂಪನಿ ಅವರ ಹಾಡುಗಳನ್ನು ಧ್ವನಿಮುದ್ರಿಸಿತಾದರೂ ದೊಡ್ಡ ಹೆಸರು ಬರಲಿಲ್ಲ. 1952ರಲ್ಲಿ ತಂದೆಯನ್ನು ಅವರ ಕ್ಲಬ್ಬಿನ ಹೊರಗೆ ಗುಂಡಿಕ್ಕಿ ಕೊಂದರು. ದೊಡ್ಡ ಕುಟುಂಬದ ಭಾರ ಹೆಗಲಿಗೆ ಬಿತ್ತು. ರಿಚರ್ಡ್ ಮೇಕನ್‌ನ ಗ್ರೇಹೌಂಡ್ ಬಸ್ ನಿಲ್ದಾಣದಲ್ಲಿ ಪಾತ್ರೆ ತೊಳೆದರು.

ಎಲ್ವಿಸ್ ಅವರ ವಿಷಯಕ್ಕೆ ಬಂದರೆ, ತಾವು ಅಂದು ಎಲ್ವಿಸ್ ಅವರನ್ನು ಕೇಳುವಾಗಲೂ ರಿಚರ್ಡ್ ಅವರನ್ನೇ ಕೇಳಿರುವ ಸಾಧ್ಯತೆ ಇದೆ. 1956ರಲ್ಲಿ ಬಂದ ತಮ್ಮ ಮೊದಲ ಎರಡು ಆಲ್ಬಂಗಳಲ್ಲಿ ಎಲ್ವಿಸ್ 'ಟೂಟಿ ಫ್ರೂಟಿ', 'ಲಾಂಗ್ ಟಾಲ್ ಸ್ಯಾಲಿ', 'ರಿಪ್ ಇಟ್ ಅಪ್' ಮತ್ತು 'ರೆಡಿ ಟೆಡಿ' ಎಂಬ ನಾಲ್ಕು ಹಾಡುಗಳನ್ನು ಹಾಡಿದ್ದಾರೆ. ನಾಲ್ಕನ್ನೂ ಮೊದಲು ಜನಪ್ರಿಯಗೊಳಿಸಿದ್ದು ರಿಚರ್ಡ್ ಅವರ ಕಂಠ.

ಮಗ 'ಟೂಟಿ ಫ್ರೂಟಿ' ಕೇಳಿಸಿದ. ಬೇಕರಿಯ ಬನ್ನಿನೊಳಗಿನ ಬಣ್ಣದ ಚೂರುಗಳ ಹೆಸರಿನ ಹಾಡು, ಅದರ ಆರಂಭದ ಕೂಗಿಗಂತೂ ಅರ್ಥವೇ ಇಲ್ಲ. ಇದರಲ್ಲಿ ಹೊಸದಾಗಿ ಏನು ನಡೆದಿದೆ ಎಂಬುದನ್ನು ಸಂಗೀತದ ಭಾಷೆಯಲ್ಲಿ ಹೇಳುವಿರಾ?
ಹಾರ್ಮೋನಿಯಂ ವಾದಕರು, ಹುಮನಾಬಾದ್

ಪ್ರಶ್ನೆ ಕೇಳಿದವರು ವಾದಕರಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

1955ರ ಫೆಬ್ರುವರಿಯಲ್ಲಿ ರಿಚರ್ಡ್, ಗಾಯಕ ಲಾಯ್ಡ್ ಪ್ರೈಸ್ ಅವರ ಸಲಹೆಯಂತೆ, ಲಾಸ್ ಏಂಜಲೀಸ್‌ನ ಸ್ಪೆಷಾಲ್ಟಿ ರೆಕಾರ್ಡ್ಸ್ ಎಂಬ ಕಂಪನಿಗೆ ತಮ್ಮ ಹಾಡಿನ ಟೇಪು ಕಳುಹಿಸಿದರು. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ಕೊನೆಗೆ ಕಂಪನಿಯ ಮಾಲೀಕ ಆರ್ಟ್ ರೂಪ್ ಅವರು ಬಂಪ್ಸ್ ಬ್ಲ್ಯಾಕ್‌ವೆಲ್ ಎಂಬ ನಿರ್ಮಾಪಕರನ್ನು ನೇಮಿಸಿ, ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕೊಸಿಮೊ ಮಟಾಸಾ ಅವರ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಏರ್ಪಡಿಸಿದರು. ಡ್ರಮ್ ಮುಂದೆ ಅರ್ಲ್ ಪಾಮರ್, ಸ್ಯಾಕ್ಸೊಫೋನಿನಲ್ಲಿ ಲೀ ಆಲನ್ ಮತ್ತು ರೆಡ್ ಟೈಲರ್. ಆ ನಗರದ ಅತ್ಯುತ್ತಮ ವಾದಕರೆಲ್ಲ ಸೇರಿದ್ದರು. ಆದರೂ ಹಾಡುಗಳು ಸಪ್ಪೆಯಾಗಿಯೇ ಬಂದವು. ಕಂಪನಿಯವರಿಗೆ ಬೇಕಾದ ಬ್ಲೂಸ್, ಅಂದರೆ ಕಪ್ಪು ಜನರ ನೋವು ನಲಿವಿನ ಹಾಡಿನ ಶೈಲಿಯ, ಹಾಡನ್ನು ಅವರಿಗೆ ಬೇಕಾದಂತೆ ಹಾಡಲು ರಿಚರ್ಡ್ ಹೆಣಗುತ್ತಿದ್ದರು, ಅಷ್ಟೇ.

ಬೇಸತ್ತು ಎಲ್ಲರೂ ಡ್ಯೂ ಡ್ರಾಪ್ ಇನ್ ಎಂಬ ಕ್ಲಬ್ಬಿಗೆ ಊಟಕ್ಕೆ ಹೋದರು. ಅಲ್ಲೊಂದು ಪಿಯಾನೊ ಇತ್ತು, ಎದುರಿಗೆ ಜನರೂ ಇದ್ದರು. ಜನರನ್ನು ಕಂಡೊಡನೆ ರಿಚರ್ಡ್ ಅವರ ಮೈ ಬದಲಾಯಿತು. ಕ್ಲಬ್ಬುಗಳಲ್ಲಿ ಬಹುಕಾಲ ಹಾಡಿಕೊಂಡು ಬಂದಿದ್ದ ಒಂದು ಪೋಲಿ ಹಾಡನ್ನು ಪಿಯಾನೊ ಬಡಿಯುತ್ತ ಶುರು ಮಾಡಿದರು. ಬ್ಲ್ಯಾಕ್‌ವೆಲ್ ಹುಡುಕುತ್ತಿದ್ದ ಶಕ್ತಿ ಅದರಲ್ಲಿತ್ತು, ಆದರೆ ಮಾತುಗಳು ರೇಡಿಯೊದಲ್ಲಿ ಹಾಕುವಂಥವಲ್ಲ. ಡೊರೊಥಿ ಲಬೋಸ್ತ್ರಿ ಎಂಬ ಯುವ ಗೀತರಚನೆಗಾರ್ತಿಯನ್ನು ಕರೆಸಿದರು. ಆಕೆಯ ಎದುರು ಮೂಲ ಸಾಲುಗಳನ್ನು ಹಾಡಲು ನಾಚಿ ರಿಚರ್ಡ್ ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತು ಹಾಡಿದರಂತೆ. ಆಕೆ ಸಾಲುಗಳನ್ನು ತೊಳೆದು ಬರೆದುಕೊಟ್ಟಾಗ ಸ್ಟುಡಿಯೊದ ಅವಧಿಯಲ್ಲಿ ಕಾಲು ಗಂಟೆಯಷ್ಟೇ ಉಳಿದಿತ್ತು. ಬೇರೆ ಹಾಡುಗಳಿಗೆ ಪಿಯಾನೊ ನುಡಿಸಿದ್ದ ವಾದಕರಿಗೆ ಹೇಳಿಕೊಡಲು ಸಮಯವಿಲ್ಲದೆ, ರಿಚರ್ಡ್ ತಾವೇ ಪಿಯಾನೊ ಮುಂದೆ ಕುಳಿತರು. ಅಂದು, ಸೆಪ್ಟೆಂಬರ್ 14ರಂದು, ಆ ಗಡಿಬಿಡಿಯಲ್ಲಿ ಮುದ್ರಣವಾದದ್ದೇ ತಮ್ಮ ಮಗ ಕೇಳಿಸಿದ ಹಾಡು.

ಈಗ ಆ ಕೂಗು. ಅರ್ಥವಿಲ್ಲದ ಆ ಅಕ್ಷರಗಳನ್ನು ಮಾತೆಂದು ತಿಳಿಯದೆ ತಬಲಾದ ಬೋಲು ಎಂದು ತಿಳಿದು ಇನ್ನೊಮ್ಮೆ ಕೇಳಬೇಕೆಂದು ಕೋರುತ್ತೇನೆ. ಡ್ರಮ್ಮಿನಿಂದ ತಮಗೆ ಬೇಕಾದ ಪೆಟ್ಟುಗಳನ್ನೇ ರಿಚರ್ಡ್ ಬಾಯಿಂದ ನುಡಿದರು. ತರಾನಾ ಹಾಡುವವರ 'ತೋಂ ತನನ'ಕ್ಕೆ ಅರ್ಥ ಕೇಳದ ನಾವು ಇದಕ್ಕೂ ಕೇಳಬೇಕಿಲ್ಲ.

ಎರಡನೆಯದು ನಡೆ. ಆ ಕಾಲದ ರಿದಮ್ ಅಂಡ್ ಬ್ಲೂಸ್ ಹಾಡುಗಳಲ್ಲಿ ಡ್ರಮ್ ತೂಗಾಡುತ್ತ ಸಾಗುತ್ತಿತ್ತು. ಒಂದೊಂದು ಮಾತ್ರೆಯನ್ನು ಮೂರಾಗಿ ಒಡೆದು, ಮೊದಲ ಎರಡನ್ನು ಕೂಡಿಸಿ, ಮೂರನೆಯದನ್ನು ಹಗುರವಾಗಿ ಮುಟ್ಟುವ ನಡೆ ಅದು, ನಮ್ಮ ತಿಸ್ರಕ್ಕೆ ಹತ್ತಿರ. ರಿಚರ್ಡ್ ಅವರ ಬಲಗೈ ಒಂದೊಂದು ಮಾತ್ರೆಯನ್ನು ಎರಡು ಸಮಪಾಲು ಮಾಡಿ, ಬಿಡುವಿಲ್ಲದೆ, ಕಬ್ಬಿಣ ಬಡಿದಂತೆ ಬಡಿಯುತ್ತಿತ್ತು. ಆ ಬಲಗೈಗೆ ಹೊಂದಿಕೊಳ್ಳಲು ಹೋಗಿಯೇ ತಾನು ತೂಗಾಟವನ್ನು ಬಿಟ್ಟು ನೇರ ನಡೆಗೆ ಬಂದೆ ಎಂದು ಅರ್ಲ್ ಪಾಮರ್ ಮುಂದೆ ಹೇಳಿಕೊಂಡಿದ್ದಾರೆ. 'ಟೂಟಿ ಫ್ರೂಟಿ'ಯಲ್ಲಿ ಹಳೆಯ ತೂಗಾಟ ಇನ್ನೂ ಸ್ವಲ್ಪ ಉಳಿದಿದೆ. 1957ರ 'ಲೂಸಿಲ್' ಕೇಳಿದರೆ ಎಲ್ಲ ವಾದ್ಯಗಳೂ ಒಂದೇ ನೇರ ಹಾದಿಗೆ ಬಂದಿರುವುದು ಸ್ಪಷ್ಟವಾಗುತ್ತದೆ. ರಾಕ್ ಸಂಗೀತದ ಡ್ರಮ್ ಇಂದಿಗೂ ಬಹುಮಟ್ಟಿಗೆ ಆ ಹಾದಿಯಲ್ಲೇ ನಡೆಯುತ್ತಿದೆ.

ಹಾರ್ಮೋನಿಯಂ ಮೇಲೆ ಹಿಡಿಯಲು ಹೊರಟರೆ ಚೌಕಟ್ಟು ಸರಳ. ನಾಲ್ಕು ಮಾತ್ರೆಗಳ ಹನ್ನೆರಡು ಆವರ್ತಗಳು: ಮೊದಲ ನಾಲ್ಕು ಆವರ್ತ ಷಡ್ಜದ ಆಧಾರದಲ್ಲಿ, ಮುಂದಿನ ಎರಡು ಮಧ್ಯಮದಲ್ಲಿ, ಮತ್ತೆ ಎರಡು ಷಡ್ಜದಲ್ಲಿ, ಆಮೇಲೆ ಒಂದು ಪಂಚಮ, ಒಂದು ಮಧ್ಯಮ, ಕೊನೆಯ ಎರಡು ಷಡ್ಜ. ಹಾಡಿನಲ್ಲಿ ಕೋಮಲ ಗಾಂಧಾರವೂ ಕೋಮಲ ನಿಷಾದವೂ ಶುದ್ಧ ಸ್ವರಗಳಿಗೆ ಉಜ್ಜಿಕೊಂಡೇ ಬರುತ್ತವೆ. ಆ ಎರಡರ ನಡುವಿನ ಜಾರುವಿಕೆಯನ್ನು ಹಾರ್ಮೋನಿಯಂನ ಪಟ್ಟಿಗಳು ಕೊಡಲಾರವು, ಅದನ್ನು ಕಂಠದಿಂದಲೇ ತುಂಬಿಕೊಳ್ಳಬೇಕಾಗುತ್ತದೆ.

ಗಂಡಸಾಗಿ ಅಷ್ಟು ಬಣ್ಣ, ಅಷ್ಟು ಮಿಂಚು ಏಕೆ? ಗಮನ ಸೆಳೆಯುವ ತಂತ್ರ ಮಾತ್ರವೆ?
ಪದವಿ ವಿದ್ಯಾರ್ಥಿನಿ, ಕಲಬುರಗಿ

ತಂತ್ರವೂ ಹೌದು, ಆದರೆ ಅದಷ್ಟೇ ಅಲ್ಲ.

ಮೊದಲು ರಂಗಭೂಮಿಯ ಮಾತು. ಆಳಂದ, ಬಸವಕಲ್ಯಾಣದ ಕಡೆಯ ಹಿರಿಯರ ಬಾಯಲ್ಲಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಹೆಸರು ಬಂದರೆ, ಅವರು ಹೆಣ್ಣಿನ ಸೀರೆ ಉಡುತ್ತಿದ್ದರೆಂಬುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಸ್ತ್ರೀಪಾತ್ರದಲ್ಲಿ ಅವರ ಗಾಯನ ಎಷ್ಟು ಎತ್ತರದ್ದಾಗಿತ್ತೆಂಬುದೇ ಮಾತಾಗುತ್ತದೆ. ಅಮೆರಿಕದ ಕಪ್ಪು ಜನರ ಸಂಚಾರಿ ತಂಡಗಳಲ್ಲಿಯೂ ಹೆಣ್ಣುವೇಷದ ಕಲಾವಿದರಿಗೆ ಒಂದು ಸ್ಥಾನವಿತ್ತು. ಹರೆಯದ ರಿಚರ್ಡ್ 'ಪ್ರಿನ್ಸೆಸ್ ಲವಾನ್' ಎಂಬ ಹೆಸರಿನಲ್ಲಿ ಗೌನು ತೊಟ್ಟು ಅಂಥ ತಂಡದಲ್ಲಿ ಹಾಡಿದ್ದರು. ಮುಂದೆ ಜಗತ್ತು ಕಂಡ ಕಾಡಿಗೆ ಮತ್ತು ಮಿಂಚಿನ ಅಂಗಿ ಆ ಪರಂಪರೆಯಿಂದ ಬಂದವು.

ಇನ್ನು ಪ್ರಾಣಭಯದ ಮಾತು. 1950ರ ದಶಕದ ಅಮೆರಿಕದ ದಕ್ಷಿಣದಲ್ಲಿ ಬಿಳಿಯ ಹುಡುಗಿಯರು ಒಬ್ಬ ಕಪ್ಪು ಗಾಯಕನನ್ನು ಕಂಡು ಕೇಕೆ ಹಾಕಿದರೆ ಆ ಗಾಯಕನ ಜೀವಕ್ಕೆ ಅಪಾಯವಿತ್ತು. ಇದು ಉತ್ಪ್ರೇಕ್ಷೆಯಲ್ಲ. 1955ರ ಆಗಸ್ಟಿನಲ್ಲಿ, ನಾನು ಮೇಲೆ ಹೇಳಿದ ಧ್ವನಿಮುದ್ರಣಕ್ಕೆ ಇನ್ನು ಮೂರು ವಾರವೂ ಇಲ್ಲದಿರುವಾಗ, ಮಿಸಿಸಿಪ್ಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಬಿಳಿಯ ಹೆಂಗಸಿನೊಡನೆ ಸಲಿಗೆ ತೋರಿದನೆಂಬ ಆರೋಪದ ಮೇಲೆ ಕೊಂದಿದ್ದರು. ತಾನು ಬಣ್ಣ ಬಳಿದುಕೊಂಡರೆ ಬಿಳಿಯ ಗಂಡಸರು ತನ್ನನ್ನು ಅಪಾಯಕಾರಿ ಎಂದು ಎಣಿಸುವುದಿಲ್ಲ, ಬಿಳಿಯರ ಸಭಾಂಗಣಗಳಿಗೂ ದಾರಿ ಸುಲಭವಾಗುತ್ತದೆ ಎಂಬ ಲೆಕ್ಕಾಚಾರ ತಮ್ಮಲ್ಲಿತ್ತೆಂದು ರಿಚರ್ಡ್ ಅವರೇ ಹೇಳಿದ್ದಾರೆ. ಆ ಸಭಾಂಗಣಗಳಲ್ಲಿ ಬಿಳಿಯರಿಗೆ ಒಂದು ಕಡೆ, ಕಪ್ಪು ಜನರಿಗೆ ಇನ್ನೊಂದು ಕಡೆ ಜಾಗ. ಅವರ ಹಾಡು ಏರುತ್ತಿದ್ದಂತೆ ಎರಡೂ ಕಡೆಯ ಯುವಜನ ಗೆರೆ ದಾಟಿ ಒಂದೇ ನೆಲದಲ್ಲಿ ಕುಣಿದ ಸಂದರ್ಭಗಳನ್ನು ಅಂದಿನ ಕಲಾವಿದರು ನೆನೆದಿದ್ದಾರೆ. ಅಲಾಬಾಮಾದ ವರ್ಣಭೇದವಾದಿಗಳು 1956ರಲ್ಲಿ ರಾಕ್ ಅಂಡ್ ರೋಲ್ ವಿರುದ್ಧ ಬಹಿರಂಗವಾಗಿ ಅಭಿಯಾನ ನಡೆಸಿದ್ದಕ್ಕೆ ಈ ಬೆರಕೆಯ ಭಯವೇ ಕಾರಣ.

ಇದಕ್ಕಿಂತ ಒಳಗಿನ ಇನ್ನೊಂದು ಸಂಗತಿಯೂ ಇದೆ. ಹುಡುಗನ ನಡೆನುಡಿ ಹೆಣ್ಣಿಗನಂತಿದೆ ಎಂದು ತಂದೆಯೇ ಮನೆಯಿಂದ ಹೊರಗೆ ಹಾಕಿದ್ದರೆಂದು ರಿಚರ್ಡ್ ನೆನೆಯುತ್ತಿದ್ದರು. ತಮ್ಮ ಲೈಂಗಿಕ ಒಲವಿನ ಬಗ್ಗೆ ಅವರು ಒಮ್ಮೆ ತೆರೆದ ಮನಸ್ಸಿನಿಂದ, ಇನ್ನೊಮ್ಮೆ ಪಶ್ಚಾತ್ತಾಪದಿಂದ, ವೃದ್ಧಾಪ್ಯದಲ್ಲಿ ಕಟುವಾದ ಖಂಡನೆಯ ದನಿಯಲ್ಲಿಯೂ ಮಾತನಾಡಿದ್ದಾರೆ. ಅವರ ಕಡೆಯ ಮಾತುಗಳನ್ನು ಓದುವುದು ನನಗೆ ನೋವಿನ ಕೆಲಸ. ಇದ್ದಂತೆ ಇರಲು ಸಾವಿರಾರು ಜನರಿಗೆ ಧೈರ್ಯ ಕೊಟ್ಟ ವ್ಯಕ್ತಿಗೆ ತನ್ನ ಪಾಲಿಗೆ ಆ ಧೈರ್ಯ ಸ್ಥಿರವಾಗಿ ದಕ್ಕಲಿಲ್ಲ.

ಅಷ್ಟು ಜನಪ್ರಿಯರಾದ ಮೇಲೆ ಕೋಟಿಗಟ್ಟಲೆ ಗಳಿಸಿರಬೇಕಲ್ಲವೆ?
ಬಟ್ಟೆ ವ್ಯಾಪಾರಿಗಳು, ಸೇಡಂ

ವೇದಿಕೆಯ ಕಾರ್ಯಕ್ರಮಗಳಿಂದ ಗಳಿಸಿದರು, ಧ್ವನಿಮುದ್ರಿಕೆಗಳಿಂದ ಬರಬೇಕಾದದ್ದು ಬರಲಿಲ್ಲ. ಮಾರಾಟವಾದ ಒಂದೊಂದು ಧ್ವನಿಮುದ್ರಿಕೆಗೆ ಅವರಿಗೆ ಒಪ್ಪಂದದಂತೆ ಸಿಗುತ್ತಿದ್ದುದು ಅರ್ಧ ಸೆಂಟು. ಒಂದು ಡಾಲರಿಗೆ ನೂರು ಸೆಂಟು ಎಂದರೆ ಇನ್ನೂರು ಪ್ರತಿ ಮಾರಾಟವಾದಾಗ ಗಾಯಕನ ಕೈಗೆ ಒಂದು ಡಾಲರು. ವ್ಯಾಪಾರ ಬಲ್ಲ ತಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇದರ ಮೇಲೆ ಇನ್ನೊಂದು ಪೆಟ್ಟು. ಕಪ್ಪು ಗಾಯಕರ ಹಾಡನ್ನು ಅನೇಕ ರೇಡಿಯೊ ಕೇಂದ್ರಗಳು ಹಾಕುತ್ತಿರಲಿಲ್ಲವಾದ್ದರಿಂದ, ಅದೇ ಹಾಡನ್ನು ಬಿಳಿಯ ಗಾಯಕರಿಂದ ಸಪ್ಪೆಯಾಗಿ ಹಾಡಿಸಿ ಮಾರುವ ವಾಡಿಕೆ ಬೆಳೆದಿತ್ತು. ಪ್ಯಾಟ್ ಬೂನ್ ಹಾಡಿದ 'ಟೂಟಿ ಫ್ರೂಟಿ' ಪಾಪ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿ ಮೂಲ ಗಾಯಕನನ್ನು ಹಿಂದೆ ಹಾಕಿತು. ಮುಂದಿನ ಹಾಡನ್ನು ಬೂನ್ ಅವರ ನಾಲಿಗೆ ಹಿಡಿಯಲಾರದಷ್ಟು ವೇಗವಾಗಿ ಹಾಡಬೇಕೆಂದು ರಿಚರ್ಡ್ ಮತ್ತು ಬ್ಲ್ಯಾಕ್‌ವೆಲ್ ನಿಶ್ಚಯಿಸಿದರು. 1956ರ 'ಲಾಂಗ್ ಟಾಲ್ ಸ್ಯಾಲಿ' ಆ ಹಟದಿಂದ ಹುಟ್ಟಿತು. ಬೂನ್ ಅದನ್ನೂ ಹಾಡಿದರು, ಆದರೆ ಈ ಸಲ ಅವರದು 8ನೇ ಸ್ಥಾನ, ರಿಚರ್ಡ್ ಅವರದು 6ನೇ ಸ್ಥಾನ. ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಅದು ಮೊದಲನೆಯದಾಯಿತು.

1957ರ ಕೊನೆಗೆ ಹಾಡು ಬಿಟ್ಟು ಹೊರಟಾಗ ಒಪ್ಪಂದದಿಂದ ಬಿಡುಗಡೆ ಪಡೆಯಲು ರಿಚರ್ಡ್ ಮುಂದಿನ ಗೌರವಧನವನ್ನೆಲ್ಲ ಬಿಟ್ಟುಕೊಟ್ಟರು. 1984ರಲ್ಲಿ 11 ಕೋಟಿ 20 ಲಕ್ಷ ಡಾಲರಿಗೆ ಮೊಕದ್ದಮೆ ಹೂಡಿದರು. 1986ರಲ್ಲಿ ಅದು ನ್ಯಾಯಾಲಯದ ಹೊರಗೆ ರಾಜಿಯಾಯಿತು.

ದೇವರಿಗಾಗಿ ಹಾಡು ಬಿಟ್ಟರಂತೆ, ಮತ್ತೆ ಬಂದು ಹಾಡಿದರಂತೆ. ಇದು ಚಂಚಲ ಮನಸ್ಸಲ್ಲವೆ? ಭಕ್ತಿಯಲ್ಲಿ ಹೀಗೆ ಹೋಗಿ ಬರುವುದುಂಟೆ?
ಭಜನಾ ಮಂಡಳಿಯ ಹಿರಿಯರು, ಜೇವರ್ಗಿ ತಾಲ್ಲೂಕು

ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಲ ಕೂರಿಸಿಕೊಂಡದ್ದು ಈ ಪತ್ರ.

ನಡೆದದ್ದು ಹೀಗೆ. 1957ರ ಅಕ್ಟೋಬರಿನಲ್ಲಿ ರಿಚರ್ಡ್ ಆಸ್ಟ್ರೇಲಿಯಾದ ಪ್ರವಾಸದಲ್ಲಿದ್ದರು. ವಯಸ್ಸು ಇನ್ನೂ ಇಪ್ಪತ್ತನಾಲ್ಕು, ಕೀರ್ತಿಯ ತುತ್ತತುದಿ. ಆ ತಿಂಗಳ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತ್ತು. ಬಯಲಿನಲ್ಲಿ ಹಾಡುತ್ತಿದ್ದ ರಾತ್ರಿ ತಲೆಯ ಮೇಲೆ ಬೆಂಕಿಯ ಚೆಂಡೊಂದು ಹಾದುಹೋದದ್ದನ್ನು ಕಂಡು, ಅದನ್ನು ಸ್ಪುಟ್ನಿಕ್ ಎಂದೂ ದೇವರು ಕೊಟ್ಟ ಸೂಚನೆ ಎಂದೂ ಅವರು ಭಾವಿಸಿದರು. ನಿಜವಾಗಿ ಹಾಡು ಬಿಡುವೆಯಾದರೆ ತೋರಿಸು ಎಂದು ತಂಡದ ಸ್ಯಾಕ್ಸೊಫೋನ್ ವಾದಕ ಕೆಣಕಿದಾಗ, ದೋಣಿಯಲ್ಲಿ ದಾಟುತ್ತಿದ್ದವರು ಬೆರಳಿನ ಬೆಲೆಬಾಳುವ ಉಂಗುರಗಳನ್ನು ನೀರಿಗೆ ಎಸೆದರು. ಅಮೆರಿಕಕ್ಕೆ ಮರಳಿ ಅಲಾಬಾಮಾದ ಹಂಟ್ಸ್‌ವಿಲ್‌ನಲ್ಲಿರುವ ಓಕ್‌ವುಡ್ ಎಂಬ ಕ್ರೈಸ್ತ ಕಾಲೇಜಿಗೆ ಧರ್ಮಶಾಸ್ತ್ರ ಓದಲು ಸೇರಿದರು. ಮುಂದಿನ ಕೆಲವು ವರ್ಷ ಅವರು ಮುದ್ರಿಸಿದ್ದು ದೇವರ ಹಾಡುಗಳನ್ನು ಮಾತ್ರ. ಒಂದು ಆಲ್ಬಮ್ಮಿಗೆ ನಿರ್ಮಾಪಕರಾಗಿದ್ದವರು ಕ್ವಿನ್ಸಿ ಜೋನ್ಸ್.

1962ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪ್ರವಾಸಕ್ಕೆ ಹೋದಾಗಲೂ ಮೊದಲ ಪ್ರದರ್ಶನದಲ್ಲಿ ಅವರು ಹಾಡಿದ್ದು ದೇವರ ಹಾಡುಗಳನ್ನೇ. ಸಭೆ ತಬ್ಬಿಬ್ಬಾಯಿತು. ಪ್ರವಾಸದ ಜೊತೆಗಾರ ಸ್ಯಾಮ್ ಕುಕ್ ತಡವಾಗಿ ಬಂದು ಸೇರಿ ಸಭೆಯನ್ನು ಗೆದ್ದರು. ಅದನ್ನು ಕಂಡ ರಿಚರ್ಡ್, ಮುಂದಿನ ಪ್ರದರ್ಶನದಲ್ಲಿ ಬಾಲಕ ಬಿಲ್ಲಿ ಪ್ರೆಸ್ಟನ್ ಅವರ ಆರ್ಗನ್ನಿನ ಜೊತೆಗೆ ಕತ್ತಲ ವೇದಿಕೆಯಿಂದ 'ಲಾಂಗ್ ಟಾಲ್ ಸ್ಯಾಲಿ' ಎತ್ತಿಕೊಂಡರು. ಸಭೆ ಹುಚ್ಚೆದ್ದಿತು. 1970ರ ದಶಕದಲ್ಲಿ ಮಾದಕ ವಸ್ತುಗಳ ಸೆರೆಗೆ ಬಿದ್ದು, ತಮ್ಮನ ಸಾವಿನಿಂದ ನಲುಗಿ, 1977ರಲ್ಲಿ ಮತ್ತೊಮ್ಮೆ ಹಾಡು ಬಿಟ್ಟು ಬೋಧಕರಾದರು. 1980ರ ದಶಕದ ನಡುವಿನಲ್ಲಿ ಮತ್ತೆ ಬಂದರು. ಈ ಹಾಡುಗಳಿಂದಲೂ ಒಳ್ಳೆಯ ಮಾತು ಹೇಳಬಹುದೆಂಬ ನಿಲುವು ಆಗ ಅವರದಾಗಿತ್ತು.

ಚಂಚಲವೆ? ಹಿರಿಯರೇ, ಆ ಕಂಠ ಎಲ್ಲಿಂದ ಬಂತೆಂದು ಮೊದಲು ನೋಡೋಣ. ತಾರಸ್ಥಾಯಿಗೆ ಹಾರುವ ಅವರ 'ಊ' ಎಂಬ ಪ್ರಸಿದ್ಧ ಕೂಗು ಮ್ಯಾರಿಯನ್ ವಿಲಿಯಮ್ಸ್ ಎಂಬ ಚರ್ಚ್ ಗಾಯಕಿಯಿಂದ ಕಲಿತದ್ದು, ಹಾಗೆಂದು ಅವರೇ ಒಪ್ಪಿಕೊಂಡಿದ್ದಾರೆ. ದೇವರನ್ನು ಕೂಗಲು ಕಲಿತ ದನಿಯನ್ನು ಅವರು ಕುಣಿತಕ್ಕೆ ತಂದರು, ಕುಣಿತದಿಂದ ಮತ್ತೆ ದೇವರ ಬಳಿಗೆ ಒಯ್ದರು. ದನಿ ಮಾತ್ರ ಒಂದೇ. ಅವರ ಸಂಕಟವೆಂದರೆ, ಅವರ ಚರ್ಚು ಆ ಎರಡನ್ನೂ ಒಂದೇ ಬಾಯಲ್ಲಿ ಇರಗೊಡಲಿಲ್ಲ. ಒಂದು ದೇವರದು, ಇನ್ನೊಂದು ಸೈತಾನನದು ಎಂದು ಬಾಲ್ಯದಲ್ಲೇ ಅವರ ಮನಸ್ಸಿಗೆ ಹಾಕಿತ್ತು.

ನಮ್ಮ ನೆಲದಲ್ಲಿ ಈ ಪ್ರಶ್ನೆ ಹೊಸದಲ್ಲ. ಸಂಗೀತ ಕೇಳುವುದು ಧರ್ಮಕ್ಕೆ ಒಪ್ಪುವುದೇ ಎಂಬ ವಾದ ಸೂಫಿಗಳ ಕಾಲದಿಂದ ನಡೆದು ಬಂದಿದೆ. ಒಪ್ಪುತ್ತದೆ, ಸರಿಯಾದ ಮನಸ್ಸಿನಿಂದ ಕೇಳಿದರೆ ಅದು ದೇವರ ಕಡೆಗೇ ಒಯ್ಯುತ್ತದೆ ಎಂದ ಚಿಶ್ತಿ ಪಂಥದವರು ನಮ್ಮ ಕಲಬುರಗಿಯ ಖ್ವಾಜಾ ಬಂದೇ ನವಾಜರು. ಅವರ ಉರುಸಿನಲ್ಲಿ ಕವ್ವಾಲಿ ಕೇಳುವವರ ಮೈ ತೂಗುವುದನ್ನು ಯಾರೂ ಪಾಪವೆನ್ನುವುದಿಲ್ಲ. ತಮ್ಮ ತಾಲ್ಲೂಕಿನ ಸುತ್ತ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಹಾಡುವವರಲ್ಲಿ ಎಷ್ಟೋ ಮಂದಿ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಮರುದಿನ ಏಕತಾರಿ ಹಿಡಿದು ಭಜನೆಗೂ ಕೂರುತ್ತಾರೆ. ಮೇಕನ್‌ನ ಆ ಹುಡುಗನಿಗೆ ಇಂಥ ಅಂಗಳವೊಂದು ಸಿಕ್ಕಿದ್ದರೆ ಅವನು ಉಂಗುರಗಳನ್ನು ನೀರಿಗೆ ಎಸೆಯಬೇಕಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಬೀಟಲ್ಸ್ ತಂಡದವರು ಇವರ ಶಿಷ್ಯರೆಂದು ಕೇಳಿದ್ದೇನೆ, ನಿಜವೆ?
ಮೊಬೈಲ್ ದುರಸ್ತಿಗಾರರು, ಸುರಪುರ

ನಿಜವೆನ್ನಲು ಅಡ್ಡಿಯಿಲ್ಲ. ಬೀಟಲ್ಸ್ ತಂಡದ ಮೊದಲ ಹಾಡು ಇಂಗ್ಲೆಂಡಿನಲ್ಲಿ ಬಿಡುಗಡೆಯಾದದ್ದು 1962ರ ಅಕ್ಟೋಬರ್ 5ರಂದು. ಅದಾದ ಒಂದೇ ವಾರಕ್ಕೆ, 12ರಂದು, ಲಿವರ್‌ಪೂಲ್ ಬಳಿಯ ನ್ಯೂ ಬ್ರೈಟನ್‌ನಲ್ಲಿ ಅವರು ರಿಚರ್ಡ್ ಅವರಿಗಿಂತ ಮೊದಲು ವೇದಿಕೆ ಏರಿ ಹಾಡಿದರು. ನವೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲೂ ಜೊತೆಗಿದ್ದರು. ಪಾಲ್ ಮೆಕಾರ್ಟ್ನಿ ಆ ಕೂಗನ್ನು ಹತ್ತಿರದಿಂದ ಕಲಿತರು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಮ್ಮ ಕಡೆಯ ಸಂಗೀತ ಪ್ರವಾಸದ ಕಡೆಯ ಸಂಜೆ ಬೀಟಲ್ಸ್ ಮುಗಿಸಿದ್ದು 'ಲಾಂಗ್ ಟಾಲ್ ಸ್ಯಾಲಿ' ಹಾಡಿ.

ಅವರ ನೆರಳಿನಲ್ಲಿ ಬೆಳೆದವರು ಇನ್ನೂ ಇದ್ದಾರೆ. ಜಿಮಿ ಹೆಂಡ್ರಿಕ್ಸ್ ಹೆಸರು ಮಾಡುವ ಮೊದಲು, 1964-65ರಲ್ಲಿ, ರಿಚರ್ಡ್ ತಂಡದಲ್ಲಿ ಗಿಟಾರ್ ನುಡಿಸಿದ್ದರು. 1955ರಲ್ಲಿ ಒಮ್ಮೆಗೇ ಪ್ರಸಿದ್ಧರಾದ ರಿಚರ್ಡ್ ಮೊದಲೇ ಒಪ್ಪಿಕೊಂಡಿದ್ದ ಊರುಗಳಿಗೆ ಹೋಗಲಾಗದಿದ್ದಾಗ ಅವರ ಬದಲಿಗೆ ಹೋಗಿ ಹಾಡಿದ ಯುವಕ ಜೇಮ್ಸ್ ಬ್ರೌನ್. ಮಿನ್ನೆಸೋಟಾದ ಶಾಲೆಯೊಂದರ 1959ರ ವಾರ್ಷಿಕ ಸಂಚಿಕೆಯಲ್ಲಿ ಒಬ್ಬ ಹುಡುಗನ ಚಿತ್ರದ ಕೆಳಗೆ, ಲಿಟಲ್ ರಿಚರ್ಡ್ ಅವರನ್ನು ಸೇರುವುದೇ ಗುರಿ ಎಂದಿದೆ. ಆ ಹುಡುಗ ಮುಂದೆ ಬಾಬ್ ಡಿಲನ್ ಆದರು.

ಅವರಿಗೆ ಸಿಕ್ಕ ಗೌರವಗಳು ಯಾವುವು?
ಬ್ಯಾಂಕ್ ನೌಕರರು, ಬಸವಕಲ್ಯಾಣ

1986ರಲ್ಲಿ ರಾಕ್ ಸಂಗೀತದ ಹಿರಿಯರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆ ಆಯ್ದ ಮೊದಲ ತಂಡದ ಕಲಾವಿದರಲ್ಲಿ ಅವರೊಬ್ಬರು. ಹಿಂದಿನ ವರ್ಷದ ಕಾರು ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಕಾರಣ ಸಮಾರಂಭಕ್ಕೆ ಹೋಗಲಾಗಲಿಲ್ಲ. ಸ್ಪರ್ಧೆಯ ಗ್ರ್ಯಾಮಿ ಪ್ರಶಸ್ತಿ ಅವರಿಗೆ ಒಮ್ಮೆಯೂ ಬರಲಿಲ್ಲ. 1988ರ ಗ್ರ್ಯಾಮಿ ಸಮಾರಂಭದಲ್ಲಿ ಹೊಸ ಕಲಾವಿದರೊಬ್ಬರಿಗೆ ಪ್ರಶಸ್ತಿ ಘೋಷಿಸಲು ಬಂದು, ಲಕೋಟೆ ಹಿಡಿದು, ಗೆದ್ದವನು ನಾನೇ ಎಂದು ಮತ್ತೆ ಮತ್ತೆ ಹೇಳಿ, ನನಗೆ ನೀವು ಏನನ್ನೂ ಕೊಡಲಿಲ್ಲ ಎಂದು ಅಲ್ಲಿದ್ದವರ ಮುಖಕ್ಕೇ ಅಂದರು. ಸಭೆ ನಕ್ಕು, ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ದೃಶ್ಯ ನೋಡಿದಾಗಲೆಲ್ಲ ನನಗೆ ನಗು ಬರುವುದಿಲ್ಲ. ಜೀವಮಾನದ ಸಾಧನೆಯ ಗ್ರ್ಯಾಮಿ 1993ರಲ್ಲಿ ಬಂತು. 2020ರ ಮೇ 9ರಂದು, 87ನೇ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರಿನಿಂದ ಟೆನೆಸಿ ರಾಜ್ಯದಲ್ಲಿ ತೀರಿಕೊಂಡರು. ಮಣ್ಣು ಕೊಟ್ಟಿದ್ದು ಹಂಟ್ಸ್‌ವಿಲ್‌ನಲ್ಲಿ, ಹಾಡು ಬಿಟ್ಟು ಓದಲು ಹೋಗಿದ್ದ ಆ ಓಕ್‌ವುಡ್ ಸಂಸ್ಥೆಯ ಸ್ಮಶಾನದಲ್ಲಿ.

ಹೊಸಬರು ಯಾವ ಹಾಡಿನಿಂದ ಕೇಳಲು ಶುರುಮಾಡಬೇಕು?
ಕಾಲೇಜು ಉಪನ್ಯಾಸಕಿ, ಯಾದಗಿರಿ

1957ರ 'ಹಿಯರ್ಸ್ ಲಿಟಲ್ ರಿಚರ್ಡ್' ಆಲ್ಬಮ್ಮಿನಿಂದ ಶುರುಮಾಡಿ. ಹನ್ನೆರಡು ಹಾಡುಗಳಲ್ಲಿ ಬಿಡಬೇಕಾದದ್ದು ಕಡಿಮೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಂಡು ಕೇಳಿ, ಏಕೆಂದರೆ ಎರಡು ಸ್ಯಾಕ್ಸೊಫೋನುಗಳು ಹಾಡಿನ ಅಡಿಯಲ್ಲಿ ಎಂಥ ಅಡಿಪಾಯ ಹಾಕಿವೆ ಎಂಬುದು ಸಣ್ಣ ಸ್ಪೀಕರಿನಲ್ಲಿ ಕಳೆದುಹೋಗುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಕ್ಯಾಸೆಟ್ ಅಂಗಡಿಯೊಂದರಲ್ಲಿ ನಾನು ಅವರನ್ನು ಮೊದಲು ಕೇಳಿದ್ದು ಸವೆದ ಟೇಪಿನಲ್ಲಿ. ಕೂಗು ಮಾತ್ರ ಕೇಳಿತ್ತು, ಆ ಅಡಿಪಾಯ ಕೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಆಮೇಲೆ 1957ರ 'ಕೀಪ್ ಎ ನಾಕಿನ್'. ಬಾಗಿಲು ತಟ್ಟುತ್ತಲೇ ಇರು, ಒಳಗೆ ಮಾತ್ರ ಬರಲಾರೆ ಎಂಬುದು ಅದರ ಪಲ್ಲವಿ. ಅವರು ತಮ್ಮ ಪ್ರವಾಸದ ತಂಡದೊಡನೆ ಹಾಡಿ ಬಿಟ್ಟಿದ್ದ ತುಣುಕು ಒಂದು ನಿಮಿಷವೂ ಇರಲಿಲ್ಲ, 57 ಸೆಕೆಂಡು ಮಾತ್ರ. ಕಂಪನಿಯವರು ಅದೇ ತುಣುಕನ್ನು ಕತ್ತರಿಸಿ, ಮರುಜೋಡಿಸಿ, ಎರಡು ನಿಮಿಷಕ್ಕೂ ಮೀರಿ ಬೆಳೆಸಿ ಮಾರಿದರು. ಆರಂಭದಲ್ಲಿ ಚಾರ್ಲ್ಸ್ ಕಾನರ್ ಒಬ್ಬರೇ ನುಡಿಸುವ ಡ್ರಮ್ಮಿನ ನಾಲ್ಕು ಆವರ್ತಗಳಿವೆ. 1971ರಲ್ಲಿ ಲೆಡ್ ಜೆಪೆಲಿನ್ ತಂಡ ತನ್ನ ಹಾಡೊಂದರ ಆರಂಭಕ್ಕೆ ಆ ನುಡಿತವನ್ನೇ ಎತ್ತಿಕೊಂಡಿತು. ಕತ್ತರಿಸಿ ಕೂಡಿಸಿದ ಜಾಗ ಯಾವುದೆಂದು ಗಮನವಿಟ್ಟು ಹುಡುಕಿ, ಸಿಕ್ಕರೆ ಪತ್ರ ಬರೆಯಿರಿ. ಕಡೆಗೆ ಮ್ಯಾರಿಯನ್ ವಿಲಿಯಮ್ಸ್ ಅವರ ದೇವರ ಹಾಡೊಂದನ್ನು ಕೇಳಿ, ಅದು ಮುಗಿದ ಕೂಡಲೇ, ನಡುವೆ ಬೇರೇನನ್ನೂ ಹಾಕದೆ, 'ಲಾಂಗ್ ಟಾಲ್ ಸ್ಯಾಲಿ' ಹಾಕಿ.